ಐದು ಸಾಲಿನ ಮ್ಯಾನಿಫೆಸ್ಟ್: ಬಳಸಿ ನೋಡಿದ ಮೇಲೆ ನನ್ನ ಅನಿಸಿಕೆ

"ಏನಮ್ಮಾ, ನಮ್ಮ ಕಂಪ್ಯೂಟರ್ ಹಳೇದು ಅಂತ ನಿಂಗೆ ಯಾರು ಹೇಳಿದ್ರು? ತಗೊಂಡು ಎರಡು ವರ್ಷಾನೂ ಆಗಿಲ್ಲ."

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಯಜಮಾನರು ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಡಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ವಿಂಡೋಸ್ 8ಕ್ಕೆ ಇನ್ನು ಅಪ್‌ಡೇಟ್ ಬೇಡ ಎಂದು ತೀರ್ಮಾನಿಸಿದ್ದೆ. ಅದಕ್ಕೇ ಲಾಗ್ (ನನ್ನ ಪ್ರೋಗ್ರಾಂ ಬರೆದಿಡುವ ದಾಖಲೆ) ನೋಡಿ ಪಟ್ಟಿ ಮಾಡಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆ. ಪಟ್ಟಿಯಲ್ಲಿ ಹದಿನೇಳು ಅಂಗಡಿ. ಎಲ್ಲರ ಲಾಗ್‌ನಲ್ಲೂ ಒಂದೇ ನಂಬರ್, 6.2.9200. ಅದು ವಿಂಡೋಸ್ 8ರ ನಂಬರ್.

ಯಜಮಾನರಿಗೆ ವಿಂಡೋಸ್ ಬಟನ್ ಜೊತೆ ಆರ್ ಒತ್ತಿಸಿ, 'ವಿನ್‌ವರ್' ಎಂದು ಟೈಪ್ ಮಾಡಿಸಿದೆ. ವಾಟ್ಸಾಪ್‌ನಲ್ಲಿ ಫೋಟೋ ಬಂತು. ವಿಂಡೋಸ್ 10, 22ಎಚ್2, ಬಿಲ್ಡ್ 19045. ಅವರ ಮಾತೇ ಸರಿ. ತಪ್ಪು ನನ್ನದು.

ಆ ತಪ್ಪನ್ನು ಸರಿಮಾಡಿದ್ದು ಒಂದು ಚಿಕ್ಕ ಫೈಲ್. ಪ್ರೋಗ್ರಾಂ ಬರೆಯಲು ಬಳಸುವ ವಿಷುವಲ್ ಸ್ಟುಡಿಯೋದಲ್ಲಿ, ಸಿ ಶಾರ್ಪ್ ಭಾಷೆಯ ಪ್ರಾಜೆಕ್ಟ್‌ಗೆ ಸೇರಿಸಿಕೊಳ್ಳುವ ರೆಡಿಮೇಡ್ 'ಅಪ್ಲಿಕೇಶನ್ ಮ್ಯಾನಿಫೆಸ್ಟ್'. ಪ್ರೋಗ್ರಾಂ ಯಾವ ಯಾವ ವಿಂಡೋಸ್‌ಗೆ ತಯಾರಾಗಿದೆ ಎಂಬಂಥ ವಿವರವನ್ನು ವಿಂಡೋಸ್‌ಗೆ ತಿಳಿಸುವ ಫೈಲ್ ಇದು. ಅದರ ಬಗ್ಗೆಯೇ ಈ ರಿವ್ಯೂ. ಸಣ್ಣ ಸಾಫ್ಟ್‌ವೇರ್ ಬರೆಯುವ ನನ್ನಂಥವರಿಗೆ ಇದು ತುಂಬಾ ಬೇಕಾದ ಫೈಲ್. ಆದರೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಫೈಲ್ ತೆರೆದರೆ ನಡುವೆ ಐದು ಸಾಲು ಕಾಣುತ್ತವೆ. ವಿಸ್ಟಾ, 7, 8, 8.1, 10. ಪ್ರತಿ ಆವೃತ್ತಿಗೂ ಒಂದೊಂದು ಗುರುತು. ಆ ಗುರುತು ಹೆಸರಲ್ಲ, ಸಾದಾ ನಂಬರೂ ಅಲ್ಲ. ಮೂವತ್ತೆರಡು ಅಂಕಿ-ಅಕ್ಷರಗಳ ಸರ. ನಡುವೆ ನಾಲ್ಕು ಹೈಫನ್, ಸುತ್ತ ಪುಷ್ಪ ಆವರಣ. ವಿಂಡೋಸ್ 7ರದ್ದು 35138ಬಿ9ಎ ಎಂದು ಶುರುವಾಗುತ್ತದೆ. 8.1ರದ್ದು 1ಎಫ್676ಸಿ76. 10ರದ್ದು 8ಇ0ಎಫ್7ಎ12. ನೋಡಿದರೆ ಯಾವುದು ಯಾವುದರದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಅಕ್ಷರ ತಪ್ಪಿದರೂ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಾಗುವ ಕೆಲಸ) ಸುಮ್ನೆ ಮುಗಿಯುತ್ತದೆ, ಆ ಗುರುತು ಮಾತ್ರ ಕೆಲಸ ಮಾಡುವುದಿಲ್ಲ. ಕೈಯಲ್ಲಿ ಟೈಪ್ ಮಾಡಲು ಹೋಗಲೇಬೇಡಿ, ಟೆಂಪ್ಲೇಟ್‌ನಲ್ಲಿ, ಅಂದರೆ ಆ ರೆಡಿಮೇಡ್ ಫೈಲ್‌ನಲ್ಲಿ, ಇರುವುದನ್ನೇ ಬಳಸಿ. ಪ್ರತಿ ಸಾಲಿನ ಮೇಲೆ ಆವೃತ್ತಿಯ ಹೆಸರು ಕಾಮೆಂಟ್ ಆಗಿ, ಅಂದರೆ ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿಯಾಗಿ, ಇರುತ್ತದೆ. ಅದನ್ನು ಅಳಿಸಬೇಡಿ. ಆರು ತಿಂಗಳಾದ ಮೇಲೆ ನಿಮಗೆ ಆಧಾರ ಅದೊಂದೇ.

ನಾನು ಎಡವಿದ್ದು ಎಲ್ಲಿ ಅಂದರೆ, ಟೆಂಪ್ಲೇಟ್‌ನಲ್ಲಿ ಆ ಐದೂ ಸಾಲು ಕಾಮೆಂಟ್ ಒಳಗೇ ಇರುತ್ತವೆ. ಅಂದರೆ ಇದ್ದೂ ಇಲ್ಲದ ಹಾಗೆ. ನೀವಾಗಿಯೇ ತೆರೆದು, ಬೇಕಾದ ಸಾಲನ್ನು ಕಾಮೆಂಟ್‌ನಿಂದ ಬಿಡಿಸಬೇಕು. ನಾನು ಫೈಲ್ ಸೇರಿಸಿದ್ದೆ, ಸಾಲು ಬಿಡಿಸಿರಲಿಲ್ಲ. ಹಾಗಾಗಿ 8.1 ಆಗಲಿ, 10 ಆಗಲಿ, ನನ್ನ ಪ್ರೋಗ್ರಾಂ ಕೇಳಿದಾಗಲೆಲ್ಲ "ನಾನು 6.2" ಎಂದೇ ಹೇಳುತ್ತಿದ್ದವು.

ಮೊದಲು ನನಗೆ ಸಿಟ್ಟು ಬಂತು. ವಿಂಡೋಸ್ ಯಾಕೆ ಸುಳ್ಳು ಹೇಳಬೇಕು ಅಲ್ವಾ? ಕಾರಣ ತಿಳಿದ ಮೇಲೆ ಇದು ಸರಿಯಾದ ಏರ್ಪಾಡು ಅನ್ನಿಸಿತು. ಎಕ್ಸ್‌ಪಿ ನಂಬರ್ 5.1, ವಿಸ್ಟಾ 6.0. "ಮೊದಲ ಅಂಕಿ 5 ಅಥವಾ ಜಾಸ್ತಿ, ಎರಡನೇ ಅಂಕಿ 1 ಅಥವಾ ಜಾಸ್ತಿ ಇದ್ದರೆ ಮಾತ್ರ ನಡೆ" ಎಂದು ಬೇರೆಬೇರೆಯಾಗಿ ಪರೀಕ್ಷಿಸುತ್ತಿದ್ದ ಪ್ರೋಗ್ರಾಂಗಳು ಇದ್ದವು. ವಿಸ್ಟಾದ ಎರಡನೇ ಅಂಕಿ ಸೊನ್ನೆ. ಹೊಸ ವಿಂಡೋಸ್ ಮೇಲೆ ಅವು "ನಿಮ್ಮದು ಹಳೇ ವಿಂಡೋಸ್" ಎಂದು ನಿಂತುಬಿಡುತ್ತಿದ್ದವು. 8.1ರಿಂದ ಮುಂದೆ ಕ್ರಮ ಬದಲಾಯಿತು. ಈ ಆವೃತ್ತಿಯಲ್ಲಿ ಪರೀಕ್ಷೆ ಮಾಡಿದ್ದೇನೆ ಎಂದು ನೀವು ಗುರುತು ಹಾಕಿ ಹೇಳಿದರೆ ಮಾತ್ರ ನಿಜವಾದ ನಂಬರ್ ಸಿಗುತ್ತದೆ. ಹೇಳದಿದ್ದರೆ ಹಳೆಯ ನಂಬರ್. ಹಳೇ ಪ್ರೋಗ್ರಾಂ ಹೊಸ ಮೆಷಿನ್‌ನಲ್ಲಿ ಓಡಲಿ ಎಂಬುದು ಉದ್ದೇಶ. ಹತ್ತು ವರ್ಷ ಹಿಂದಿನ ಸಾಫ್ಟ್‌ವೇರ್ ಇಂದಿಗೂ ಓಡಿಸುವ ಅಂಗಡಿಗಳನ್ನು ದಿನಾ ನೋಡುವ ನನಗೆ ಇದರ ಬೆಲೆ ಗೊತ್ತು.

ಒಂದು ಮಾತು. ಸಿ ಶಾರ್ಪ್ ಪ್ರೋಗ್ರಾಂ ಓಡಲು ಬೇಕಾದ ಮೈಕ್ರೋಸಾಫ್ಟ್ ವೇದಿಕೆ ಡಾಟ್ ನೆಟ್. ಅದರ ಹೊಸ ಆವೃತ್ತಿ, ಅಂದರೆ 5ರಿಂದ ಈಚೆಗೆ, ಮ್ಯಾನಿಫೆಸ್ಟ್ ಇಲ್ಲದೆಯೂ ನಿಜವಾದ ನಂಬರ್ ಕೊಡುತ್ತದೆ. ಆದರೆ ನನ್ನ ಕೆಲವು ಗಿರಾಕಿಗಳ ಬಳಿ ಇನ್ನೂ ವಿಂಡೋಸ್ 7 ಇದೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದ್ದರೂ ತಕ್ಕಡಿಗೆ, ಪ್ರಿಂಟರಿಗೆ ಹೊಂದಿಕೊಂಡ ಮೆಷಿನ್ ಬದಲಾಯಿಸಲು ಅವರಿಗೆ ಮನಸ್ಸಿಲ್ಲ. ಅವರಿಗಾಗಿ ನಾನು ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್ 4.8ರಲ್ಲೇ ಇದ್ದೇನೆ. ಹಾಗಾಗಿ ಈ ಐದು ಸಾಲು ನನಗೆ ಬೇಕೇ ಬೇಕು.

ಕೊರತೆ ಇಲ್ಲವೆಂದಲ್ಲ. ವಿಂಡೋಸ್ 11ಕ್ಕೆ ಬೇರೆ ಗುರುತೇ ಇಲ್ಲ. 10ರ ಗುರುತೇ ಅದಕ್ಕೂ, ಸರ್ವರ್ 2016, 2019, 2022ಕ್ಕೂ. ಆರನೇ ಸಾಲು ಎಲ್ಲಿ ಎಂದು ನಾನು ಅರ್ಧ ದಿನ ಹುಡುಕಿದ್ದೇನೆ. 11 ಕೂಡ ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ. ಬಿಲ್ಡ್ ನಂಬರ್ 22000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 11 ಎಂದು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಟೆಂಪ್ಲೇಟ್‌ನ ಕಾಮೆಂಟ್‌ನಲ್ಲಿ "10 ಮತ್ತು 11" ಎಂದು ಬರೆದಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು. ನನ್ನ ಫೈಲ್‌ನಲ್ಲಿ ನಾನೇ ಬರೆದುಕೊಂಡಿದ್ದೇನೆ.

ಡಿಎಲ್‌ಎಲ್‌ಗೆ (ಪ್ರೋಗ್ರಾಂ ಬಳಸಿಕೊಳ್ಳುವ ಉಪಫೈಲ್) ಮ್ಯಾನಿಫೆಸ್ಟ್ ಹಾಕಿದರೆ ಈ ಗುರುತುಗಳು ಲೆಕ್ಕಕ್ಕಿಲ್ಲ, ಇಎಕ್ಸ್‌ಇಗೆ (ಓಡಿಸುವ ಮುಖ್ಯ ಫೈಲ್) ಹಾಕಿದ್ದೇ ನಡೆಯುವುದು. ನನ್ನ ಪ್ರಿಂಟಿಂಗ್ ಭಾಗ ಬೇರೆ ಡಿಎಲ್‌ಎಲ್‌ನಲ್ಲಿದೆ, ಅಲ್ಲಿ ಏನೂ ಮಾಡಬೇಕಾಗಲಿಲ್ಲ.

ಬಿಲ್ಡ್ ಆದ ಮೇಲೆ ಗುರುತು ನಿಜವಾಗಿ ಒಳಗೆ ಸೇರಿದೆಯೇ ಎಂದು ನೋಡಿಕೊಳ್ಳಿ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ 'ಸಿಗ್‌ಚೆಕ್' ಎಂಬ ಚಿಕ್ಕ ಟೂಲ್ ಇದೆ. ಅದಕ್ಕೆ ಎಂ ಆಯ್ಕೆ ಕೊಟ್ಟು ಇಎಕ್ಸ್‌ಇ ಹೆಸರು ಹೇಳಿದರೆ ಒಳಗಿನ ಮ್ಯಾನಿಫೆಸ್ಟ್ ಪೂರ್ತಿ ಪರದೆ ಮೇಲೆ ಸುರಿಯುತ್ತದೆ. ಈಗ ಪ್ರತಿ ರಿಲೀಸ್‌ಗೆ ಮೊದಲು ನಾನು ಇದನ್ನು ತಪ್ಪದೆ ಮಾಡುತ್ತೇನೆ.

ಅದೇ ಫೈಲ್‌ನಲ್ಲಿ ಇನ್ನೊಂದು ಸಾಲೂ ಕಾಮೆಂಟ್ ಒಳಗೆ ಮಲಗಿತ್ತು. ಡಿಪಿಐ ಅವೇರ್, ಅಂದರೆ ಪರದೆಯ ಚುಕ್ಕೆಗಳ ಒತ್ತಿಗೆ ಪ್ರೋಗ್ರಾಂ ತಾನೇ ಹೊಂದಿಕೊಳ್ಳುತ್ತದೆ ಎಂದು ಹೇಳುವ ಸಾಲು. ಹೊಸ ಲ್ಯಾಪ್‌ಟಾಪ್‌ಗಳ ಒತ್ತೊತ್ತು ಪರದೆಯಲ್ಲಿ ನನ್ನ ಬಿಲ್ಲಿನ ಕನ್ನಡ ಮಸುಕಾಗಿ ಕಾಣುತ್ತಿತ್ತು. 'ಕ್ವಿಂಟಾಲ್' ಪದದ ವಒತ್ತು ಅಂತೂ ಮೇಲಿನ ಅಕ್ಷರಕ್ಕೇ ಅಂಟಿಕೊಂಡ ಹಾಗೆ. ಫಾಂಟ್ ದೋಷ ಎಂದುಕೊಂಡು ತುಂಗಾ, ನಿರ್ಮಲಾ ಎರಡನ್ನೂ ಹಾಕಿ ನೋಡಿದ್ದೆ. ಫಾಂಟ್‌ನಲ್ಲಿ ಏನೂ ಇರಲಿಲ್ಲ. ಪ್ರೋಗ್ರಾಂ ಏನೂ ಹೇಳದೇ ಇದ್ದುದರಿಂದ ವಿಂಡೋಸ್ ಇಡೀ ಕಿಟಕಿಯನ್ನು ಚಿತ್ರದಂತೆ ಎಳೆದು ದೊಡ್ಡದು ಮಾಡುತ್ತಿತ್ತು. ಆ ಸಾಲು ಬಿಡಿಸಿದ ಮೇಲೆ ಒತ್ತಕ್ಷರಗಳು ಕಡೆದಿಟ್ಟ ಹಾಗೆ ಬಂದವು. ಕೆಲವು ಬಟನ್ ಜಾಗ ಬದಲಾದವು, ಅದನ್ನು ಸರಿಮಾಡಲು ಎರಡು ದಿನ ಹಿಡಿಯಿತು.

ವಿಷುವಲ್ ಸ್ಟುಡಿಯೋ ಕಮ್ಯೂನಿಟಿ ಒಬ್ಬರೇ ಕೆಲಸ ಮಾಡುವವರಿಗೆ ಉಚಿತ, ಹಾಗಾಗಿ ಖರ್ಚಿನ ಮಾತಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ವಿಂಡೋಸ್ 11ರ ಹೆಸರು ಎಲ್ಲೂ ಇಲ್ಲದ್ದಕ್ಕೆ.

ಐದೂ ಸಾಲು ಬಿಡಿಸಿ, ಹೊಸ ಬಿಲ್ಡ್ ಕಳಿಸಿ, ಒಂದು ವಾರ ಕಾದೆ. ಹದಿನೇಳರಲ್ಲಿ ಹದಿಮೂರು 10.0.19045 ಎಂದು ಬಂದವು. ಮೂರು ವಿಂಡೋಸ್ 11. ಒಂದೇ ಒಂದು 6.3.9600, ಅಂದರೆ 8.1. ನಿಜವಾದ ವಿಂಡೋಸ್ 8 ಒಂದೂ ಇಲ್ಲ. ಮಂಡಿ ಯಜಮಾನರಿಗೆ ಮೊದಲು ಫೋನ್ ಮಾಡಿ ತಪ್ಪಾಯಿತು ಎಂದೆ. "ಆಯ್ತು ಬಿಡಮ್ಮಾ, ನಮ್ಮ ಮೆಷಿನ್ ಹೊಸದು ಅಂತ ಈಗಲಾದ್ರೂ ಬರ್ಕೋ" ಎಂದರು. 8.1 ಇರುವುದು ಹೊಸನಗರದ ಗೊಬ್ಬರದ ಅಂಗಡಿಯಲ್ಲಿ. ಸೀಸನ್ ಮುಗಿದ ಮೇಲೆ ಬದಲಾಯಿಸುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಆ ಸಾಲು ನನ್ನ ಫೈಲ್‌ನಲ್ಲಿ ಇರುತ್ತದೆ.