ಒಂದು ದಿನದ ಚಾರಣದ ಬ್ಯಾಗ್: ಮೊದಲು ಬೆನ್ನು, ಆಮೇಲೆ ಲೀಟರ್

ಖಾಲಿ ಇರುವಾಗ ಎಲ್ಲ ಬ್ಯಾಗೂ ಹಗುರವೇ, ಎಲ್ಲವೂ ಬೆನ್ನಿಗೆ ಒಪ್ಪುತ್ತವೆ. ಗುಣ ಗೊತ್ತಾಗುವುದು ಐದು ಕಿಲೋ ತುಂಬಿದ ಮೇಲೆ. ಒಂದು ದಿನದ ಬೆಟ್ಟದ ನಡಿಗೆಗೆ ಬೀಳುವ ಭಾರವೂ ಹೆಚ್ಚುಕಡಿಮೆ ಅಷ್ಟೇ. ಎರಡು ಲೀಟರ್ ನೀರೇ 2 ಕಿಲೋ. ಮಳೆ ಜಾಕೆಟ್, ಬೆಚ್ಚನೆಯ ಒಂದು ಮೇಲಂಗಿ, ಊಟ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್ ಸೇರಿದರೆ ಮತ್ತೆ ಎರಡು ಮೂರು ಕಿಲೋ. ಇಷ್ಟಕ್ಕೂ 13ರಿಂದ 15 ಲೀಟರ್ ಜಾಗ ಸಾಕು. ಬಿಸಿಲೇರಿದ ಮೇಲೆ ಕಳಚಿದ ಬಟ್ಟೆಗೂ ಜಾಗ ಬೇಕಲ್ಲ, ಹಾಗಾಗಿ 20–22 ಲೀಟರ್ ಸರಿಯಾದ ಅಳತೆ. ‘ಇರಲಿ’ ಎಂದು 30 ಲೀಟರಿನದು ಕೊಂಡರೆ ಅರ್ಧ ತುಂಬಿದ ಸಾಮಾನು ತಳಕ್ಕೆ ಕುಸಿಯುತ್ತದೆ, ಬ್ಯಾಗ್ ಹಿಂದಕ್ಕೆ ಜಗ್ಗುತ್ತದೆ. ಹೊರಗಿನ ತೆರೆದ ಜೇಬುಗಳನ್ನೂ ಲೀಟರ್ ಲೆಕ್ಕಕ್ಕೆ ಸೇರಿಸುವ ಕಂಪನಿಗಳಿವೆ. ಆದ್ದರಿಂದ ಚೀಟಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬದೆ ಸಾಮಾನು ತುಂಬಿಯೇ ನೋಡಬೇಕು.

ಬೆನ್ನಿನ ಭಾಗದಲ್ಲಿ ಮೂರು ಬಗೆ. ಮೊದಲನೆಯದು ಮಡಚಿ ಮುಷ್ಟಿಯಲ್ಲಿ ಹಿಡಿಯಬಹುದಾದ ತೆಳು ನೈಲಾನ್ ಚೀಲ. ಸೀ ಟು ಸಮ್ಮಿಟ್ ಕಂಪನಿಯ ಅಲ್ಟ್ರಾ-ಸಿಲ್ ಈ ಜಾತಿಯದು: 20 ಲೀಟರ್, ತೂಕ ಸುಮಾರು 70 ಗ್ರಾಂ. ದೊಡ್ಡ ಬ್ಯಾಗನ್ನು ಡೇರೆಯಲ್ಲಿ ಬಿಟ್ಟು ಶಿಖರಕ್ಕೆ ಹೋಗಿಬರಲು ಇದಕ್ಕಿಂತ ಒಳ್ಳೆಯದಿಲ್ಲ. ಇಡೀ ದಿನದ ನಡಿಗೆಗೆ ಮಾತ್ರ ಬೇಡ. ಬೆನ್ನಿಗೆ ಮೆತ್ತೆಯಿಲ್ಲ, ಬಾಟಲಿಯ ಅಂಚು ನೇರ ಬೆನ್ನುಮೂಳೆಗೆ ಒತ್ತುತ್ತದೆ, ಮೂರು ಕಿಲೋ ದಾಟಿತೆಂದರೆ ಸಪೂರ ಪಟ್ಟಿಗಳು ಹೆಗಲು ಕೊರೆಯುತ್ತವೆ.

ಎರಡನೆಯದು ಬಿಗಿಯಾದ ಬಲೆಯನ್ನು ಬಿಲ್ಲಿನಂತೆ ಬಾಗಿದ ಚೌಕಟ್ಟಿಗೆ ಕಟ್ಟಿ, ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿಗೆ ದಾರಿ ಬಿಟ್ಟ ವಿನ್ಯಾಸ. ಡಾಯ್ಟರ್‌ನ ಫ್ಯೂಚುರಾ, ಆಸ್ಪ್ರೆಯ ಸ್ಟ್ರಾಟೋಸ್ ಇಂಥವು. ಸೆಕೆಯಲ್ಲಿ ಇದು ಕೊಡುವ ಸುಖ ನಿಜ. ಆದರೆ ಆ ಸುಖಕ್ಕಾಗಿ ಭಾರ ಬೆನ್ನಿನಿಂದ ಕೆಲವು ಸೆಂಟಿಮೀಟರ್ ಹಿಂದಕ್ಕೆ ಸರಿದಿರುತ್ತದೆ. ಕೈಯೂರಿ ಬಂಡೆ ಹತ್ತುವಾಗ, ಕಡಿದಾದ ಇಳಿಜಾರಿನಲ್ಲಿ ಅದು ಅನುಭವಕ್ಕೆ ಬರುತ್ತದೆ. ಒಳಗಿನ ಗೋಡೆಯೂ ಬಾಗಿರುವುದರಿಂದ ತುಂಬಿದ ನೀರಿನ ಬ್ಲಾಡರ್ (ಕೊಳವೆಯಿಂದ ಹೀರಿ ಕುಡಿಯುವ ಮೆತ್ತನೆಯ ಚೀಲ) ಇಳಿಸಲು ಒದ್ದಾಡಬೇಕು.

ಮೂರನೆಯದು ನಡುನಡುವೆ ಗಾಳಿಯ ಕಾಲುವೆ ಬಿಟ್ಟು ಫೋಮ್ ಜೋಡಿಸಿ, ಬೆನ್ನಿಗೆ ಅಂಟಿ ಕೂರುವಂತೆ ಮಾಡಿದ್ದು. ಆಸ್ಪ್ರೆ ಟ್ಯಾಲನ್ 22 ಈ ಸಾಲಿನದು, ಬೆನ್ನಿನ ಎರಡು ಅಳತೆಗಳಲ್ಲಿ ಸಿಗುತ್ತದೆ. ಅಂಗಿ ಒದ್ದೆಯಾಗುವುದು ಖಚಿತ. ಆದರೂ ಕಲ್ಲುಮುಳ್ಳಿನ ದಾರಿಗೆ ನಮ್ಮ ಮತ ಇದಕ್ಕೇ. ಬೆವರು ಆರುತ್ತದೆ, ತಪ್ಪಿದ ಸಮತೋಲ ಹಾಗೆ ಅಲ್ಲ.

ಸೊಂಟಪಟ್ಟಿಯ ಬಗ್ಗೆ ತಪ್ಪು ಕಲ್ಪನೆ ಬಹಳ. ಬೆರಳಗಲದ ಪಟ್ಟಿ ಭಾರ ಹೊರುವುದಿಲ್ಲ, ಬ್ಯಾಗ್ ಕುಣಿಯದಂತೆ ಹಿಡಿಯುತ್ತದೆ, ಅಷ್ಟೇ. ಭಾರ ಸೊಂಟಕ್ಕೆ ಇಳಿಯಬೇಕಾದರೆ ಪಟ್ಟಿ ಅಂಗೈಯಗಲ ಇರಬೇಕು, ಬೆನ್ನಿನೊಳಗೆ ಗಡುಸಾದ ಹಲಗೆಯೋ ಕಂಬಿಯೋ ಇರಬೇಕು. ಹಲಗೆಯೋ ಕಂಬಿಯೋ ಇಲ್ಲದಿದ್ದರೆ ಪಟ್ಟಿ ಬಿಗಿದಷ್ಟೂ ಬ್ಯಾಗ್ ಮಡಚಿಕೊಳ್ಳುತ್ತದೆ. ಬ್ಯಾಗಿನ ಮೇಲ್ತುದಿಯನ್ನು ಮೈಯತ್ತ ಎಳೆಯಲೆಂದು ಸಣ್ಣ ಬ್ಯಾಗಿನ ಹೆಗಲ ಮೇಲೆ ಕೊಡುವ ಪಟ್ಟಿಗಳೂ ಬಹುಪಾಲು ಅಲಂಕಾರ. ಹೆಗಲಿಗಿಂತ ಮೇಲೆ ಏಳುವ ಚೌಕಟ್ಟೇ ಇಲ್ಲದಿದ್ದರೆ ಅವು ಎಳೆಯುವುದಾದರೂ ಯಾವುದನ್ನು?

ಬೆನ್ನಿನ ಉದ್ದ ಅಳೆಯಲು ಎತ್ತರ ಲೆಕ್ಕಕ್ಕಿಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಎರಡೂ ಸೊಂಟದ ಮೂಳೆಗಳ ಮೇಲಂಚನ್ನು ಸೇರಿಸುವ ಗೆರೆಯವರೆಗೆ ಟೇಪು ಹಿಡಿಯಿರಿ. ಪಟ್ಟಿಗಳನ್ನೆಲ್ಲ ಸಡಿಲಿಸಿ, ಬ್ಯಾಗ್ ತುಂಬಿ ಹೊತ್ತು, ಮೊದಲು ಸೊಂಟ, ಆಮೇಲೆ ಹೆಗಲು, ಕೊನೆಗೆ ಎದೆ, ಈ ಕ್ರಮದಲ್ಲಿ ಬಿಗಿಯಿರಿ. ಹೆಗಲಿಗೂ ಪಟ್ಟಿಗೂ ನಡುವೆ ಸಂದು ಕಂಡರೆ ಅಳತೆ ತಪ್ಪಿದೆ. ತಲೆಯೆತ್ತಿ ನೋಡಿದಾಗ ಬ್ಯಾಗಿನ ತುದಿ ತಲೆಗೆ ತಾಗಬಾರದು.

ಹೆಚ್ಚಿನವರು ಗಮನಿಸದೆ ಬಿಡುವುದು ಪಕ್ಕದ ಜೇಬು. ಕೆಲವು ಬ್ಯಾಗುಗಳಲ್ಲಿ ಅದು ಮೈಗೆ ಚಪ್ಪಟೆಯಾಗಿ ಹೊಲಿದ ಬಟ್ಟೆಯ ತುಂಡು, ಅಷ್ಟೇ. ಬ್ಯಾಗ್ ಖಾಲಿ ಇದ್ದಾಗ ಲೀಟರ್ ಬಾಟಲಿ ಸಲೀಸಾಗಿ ಇಳಿಯುತ್ತದೆ. ತುಂಬಿದಾಗ ಒಳಗಿನ ಸಾಮಾನು ಅದೇ ಜಾಗವನ್ನು ತಿಂದು, ಬಾಟಲಿಯನ್ನು ಹೊರಕ್ಕೆ ದೂಡುತ್ತದೆ. ತಳದಲ್ಲಿ ನೆರಿಗೆಯೋ ಪದರವೋ ಇರುವ ಜೇಬಿಗೆ ಈ ಕಾಟವಿಲ್ಲ. ಇನ್ನೊಂದು ಪರೀಕ್ಷೆ: ಬ್ಯಾಗ್ ಬೆನ್ನ ಮೇಲಿರುವಾಗಲೇ ಒಂದೇ ಕೈಯಲ್ಲಿ ಬಾಟಲಿ ತೆಗೆದು ಮತ್ತೆ ಒಳಗಿಡಿ. ತೆಗೆಯುವುದು ಎಲ್ಲರಿಗೂ ಸಾಧ್ಯ, ಇಡುವಾಗಲೇ ತೊಡಕು. ನೀರಿಗಾಗಿ ಪ್ರತಿ ಸಲ ಬ್ಯಾಗ್ ಇಳಿಸಬೇಕಾದವರು ನೀರು ಕುಡಿಯುವುದನ್ನೇ ಮುಂದೂಡುತ್ತಾರೆ. ಜೇಬಿಗೆ ಹಿಗ್ಗುವ ಬಲೆಗಿಂತ ಗಟ್ಟಿ ಬಟ್ಟೆ ಮೇಲು. ಬಲೆ ಮುಳ್ಳಿಗೆ ಸಿಕ್ಕಿ ಮೊದಲು ಹರಿಯುತ್ತದೆ.

ಬಟ್ಟೆ 100 ಡೆನಿಯರ್ (ನೂಲಿನ ದಪ್ಪದ ಅಳತೆ) ಆಸುಪಾಸಿನ ನೈಲಾನ್ ಆದರೆ ಸಾಕು, ತಳ ಮಾತ್ರ 200ಕ್ಕಿಂತ ದಪ್ಪ ಇರಲಿ, ಬಂಡೆಗೆ ಉಜ್ಜುವುದು ಅದೇ. ಹೆಗಲಪಟ್ಟಿ ಬ್ಯಾಗಿನ ಕೆಳಮೂಲೆಗೆ ಸೇರುವಲ್ಲಿ ಎಳೆತ ಹೆಚ್ಚು. ಅಲ್ಲಿ ಒತ್ತೊತ್ತಾಗಿ ಹಲವು ಸಲ ಓಡಿಸಿದ ಹೊಲಿಗೆ ಇದೆಯೇ ನೋಡಿ. ಬ್ಯಾಗಿನ ಒಳಮೈ ತಿರುಗಿಸಿದಾಗ ಬಟ್ಟೆಯ ಅಂಚುಗಳಿಗೆ ಪಟ್ಟಿ ಕಟ್ಟಿರಬೇಕು, ಬರಿ ಅಂಚಾದರೆ ಎಳೆ ಬಿಚ್ಚುತ್ತಾ ಹೊಲಿಗೆಯನ್ನೇ ಬಿಡಿಸುತ್ತದೆ. ಜಿಪ್ ಚೂಪು ಮೂಲೆಯಲ್ಲಿ ತಿರುಗಿದ್ದರೆ ಅದನ್ನು ತೆರೆದು ಮುಚ್ಚುವ ಗುಂಡಿ (ರನ್ನರ್) ಅಲ್ಲೇ ಸವೆಯುತ್ತದೆ. ಎದುರುಬದುರು ಎರಡು ಗುಂಡಿ ಇದ್ದರೆ ಒಂದು ಕೆಟ್ಟರೂ ಆ ದಿನ ಪಾರಾಗಬಹುದು.

ಬಟ್ಟೆ ನೀರು ತಡೆದರೂ ಜಿಪ್ಪು ಮತ್ತು ಸೂಜಿಯ ತೂತುಗಳು ತಡೆಯುವುದಿಲ್ಲ. ರೈನ್ ಕವರ್ ಕೂಡ ಪೂರ್ತಿ ಪರಿಹಾರವಲ್ಲ: ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ಅಲ್ಲಿಂದ ಒಳನುಗ್ಗುತ್ತದೆ, ಜೋರು ಗಾಳಿಗೆ ಕವರೇ ಹಾರಿಹೋಗುತ್ತದೆ. ಕವರಿದ್ದರೂ ಇಲ್ಲದಿದ್ದರೂ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ತಿರುಚಿ ಮಡಚಿದರೆ ಬೆಚ್ಚನೆಯ ಬಟ್ಟೆ ಒಣಗಿಯೇ ಉಳಿಯುತ್ತದೆ.

ಒದ್ದೆ ಬ್ಯಾಗನ್ನು ಹಾಗೇ ಸುತ್ತಿ ಕಪಾಟಿಗೆ ತಳ್ಳಬೇಡಿ. ನೀರು ತಡೆಯಲು ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪ ತೇವಕ್ಕೆ ಒಡೆದು ಮೊದಲು ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ವಾಷಿಂಗ್ ಮೆಷಿನ್ನೂ ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ಕೈಯಿಂದ ಉಜ್ಜಿ, ತಲೆಕೆಳಗಾಗಿ ನೆರಳಲ್ಲಿ ಒಣಗಿಸಿ.