ಕೋಳಿಗೆ ಹಾಕುತ್ತಿದ್ದ ಹುಳ, ಪ್ಲೇಟಿಗೆ 320 ರೂಪಾಯಿ

ನಾನು ಶಿಡ್ಲಘಟ್ಟದವನು. ರೇಷ್ಮೆ ಹುಳ ನನಗೆ ಹೊಸದಲ್ಲ. ನಮ್ಮ ಮನೆ ಹಿಂದೆಯೇ ನೂಲು ಬಿಚ್ಚುವ ಚರಕ ಇತ್ತು. ಗೂಡು ಬೇಯಿಸಿ ಎಳೆ ತೆಗೆದ ಮೇಲೆ ಉಳಿಯುವ ಕಂದು ಹುಳವನ್ನು ಚೀಲಕ್ಕೆ ತುಂಬಿ ಕೋಳಿ ತೀನಿಗೆ ಮಾರುತ್ತಿದ್ದೆವು. ಎರಡು ದಿನ ಹಾಗೇ ಬಿಟ್ಟರೆ ಆ ನಾತ ಇಡೀ ಬೀದಿಗೆ ಹಬ್ಬುತ್ತಿತ್ತು.

ಬೆಂಗಳೂರಿನ ಈಜಿಪುರದ ಪುಟ್ಟ ನಾಗಾ ಹೋಟೆಲಿನಲ್ಲಿ ರೇಷ್ಮೆ ಹುಳ ಮೆನುವಿನಲ್ಲಿ ಕಂಡಾಗ ನಗು ಬಂತು. ಕರೆದುಕೊಂಡು ಹೋದವಳು ನಮ್ಮ ಆಫೀಸಿನ, ನಾಗಾಲ್ಯಾಂಡಿನ ದಿಮಾಪುರದ ಹುಡುಗಿ. "ಇದು ನಿಮ್ಮೂರ ಹುಳ ಅಲ್ಲ ಸರ್, ಎರಿ" ಅಂದಳು. ನಿಜ. ನಮ್ಮದು ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ, ಎರಿ ಹರಳೆಲೆ ತಿನ್ನುತ್ತದೆ. ಎರಿ ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಹಾಗಾಗಿ ಬೇಯಿಸುವ ಮೊದಲೇ ಹುಳ ತೆಗೆಯಬಹುದು, ತಾಜಾ ಸಿಗುತ್ತದೆ.

ಮಹಡಿ ಮೇಲೆ ಆರೇ ಟೇಬಲ್. ಮೆಟ್ಟಿಲು ಹತ್ತುವಾಗಲೇ ಅಖುನಿ, ಅಂದರೆ ಹುಳಿ ಬರಿಸಿದ ಸೋಯಾ ಕಾಳಿನ ಘಾಟು. ನಲವತ್ತು ನಿಮಿಷ ಕಾಯಿಸಿದರು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಮೂವತ್ತು ಹುಳ ಬಂತು. ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಳಲೆ. ಒಂದನ್ನು ಬೆರಳಲ್ಲಿ ಹಿಡಿದು ನೋಡಿದೆ. ಮೈಮೇಲಿನ ಉಂಗುರ ಉಂಗುರ ಗೆರೆ ಹಾಗೇ ಇದೆ. ಕಚ್ಚಿದರೆ ಸಿಪ್ಪೆ ಟಪ್ ಅನ್ನುತ್ತದೆ, ಒಳಗೆ ಬೇಯಿಸಿದ ಕಡಲೆಕಾಯಿಯ ರುಚಿ, ಮೊಟ್ಟೆ ಹಳದಿಯ ಹಾಗೆ ಮೆತ್ತಗೆ. ಮೊದಲ ಎರಡು ಕಷ್ಟ. ಐದನೆಯದಕ್ಕೆ ಅನ್ನ ಇನ್ನೊಂದು ಸಲ ಹಾಕಿಸಿಕೊಂಡೆ.

ನಮ್ಮಜ್ಜಿ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ಈಸಲು ಹಿಡಿದು, ಮೊರದಲ್ಲಿ ರೆಕ್ಕೆ ಕೇರಿ, ಹುರಿದು ಪುರಿ ಜೊತೆ ಕೊಡುತ್ತಿದ್ದಳು. ಮಲೆನಾಡಿನವರಿಗೆ ಚಿಗಳಿ ಇರುವೆಯ ಚಟ್ನಿ ಇದೆ. ಒಡಿಶಾದ ಕೆಂಪಿರುವೆ ಚಟ್ನಿಗಂತೂ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗೇ ಸಿಕ್ಕಿತು. ಆದರೂ ನಮ್ಮ ಆಫೀಸಿನಲ್ಲಿ ಹೇಳಿದರೆ ಎಲ್ಲರೂ "ಛೀ, ಹುಳಾನಾ?" ಅನ್ನುತ್ತಾರೆ.

ಹೋಟೆಲಿನ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ "ಸೂಪರ್ ಫುಡ್" ಅಂತ ಬರೆದಿದ್ದಾರೆ. ಅದು ಸ್ವಲ್ಪ ಜಾಸ್ತಿಯಾಯಿತು. ಒಣಗಿದ ರೇಷ್ಮೆ ಹುಳದಲ್ಲಿ ತೂಕದ ಅರ್ಧದಷ್ಟು ಪ್ರೋಟೀನೇ, ಸರಿ. ಕಬ್ಬಿಣ, ಸತುವೂ ಇದೆ. ಆದರೆ ತಟ್ಟೆಯಲ್ಲಿರುವುದು ಒಣಗಿಸದ ಹುಳ, ಅದರಲ್ಲಿ ನೀರೇ ಜಾಸ್ತಿ. ಹುರಿದ ಎಣ್ಣೆ ಬೇರೆ. ಮೊಟ್ಟೆ, ಹುರುಳಿ ಬಿಟ್ಟು ಇದನ್ನೇ ಹಿಡಿಯಿರಿ ಅಂತ ನಾನಂತೂ ಹೇಳಲ್ಲ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಸೀಗಡಿ ತಿಂದರೆ ಮೈ ಗಂದೆ ಏಳುವವರಿಗೆ ಹುಳವೂ ಆಗದಿರಬಹುದು. ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇದೆ. ನನ್ನ ಭಾವಮೈದನಿಗೆ ಸೀಗಡಿ ಆಗಲ್ಲ. ಅವನು ಆರ್ಡರ್ ಮಾಡಿದಾಗ ಯಾರೂ ಕೇಳಲಿಲ್ಲ, ಮೆನುವಿನಲ್ಲೂ ಬರೆದಿಲ್ಲ. ನಾನೇ ತಡೆದೆ.

ಎರಡನೇ ಸಲ ಪಾರ್ಸಲ್ ತರಿಸಿ ಕೆಟ್ಟೆ. ಡಬ್ಬಿಯೊಳಗೆ ಬೆವರಿ ಮೆತ್ತಗಾಗಿತ್ತು, ಮುಚ್ಚಳ ತೆಗೆದರೆ ನಮ್ಮ ಚರಕದ ಮನೆ ನಾತ! ಫೋನ್ ಮಾಡಿದರೆ ಮಾಲೀಕರು ಜಗಳ ಆಡಲಿಲ್ಲ. "ಇದನ್ನು ಬಂದೇ ತಿನ್ನಬೇಕು ಸರ್" ಅಂದು ಮುಂದಿನ ಸಲ ಅರ್ಧ ಪ್ಲೇಟು ಸುಮ್ನೆ ಕೊಟ್ಟರು.

ಅಮ್ಮನಿಗೆ ಹೇಳಿದೆ. "ಅದಕ್ಕೆ ಮುನ್ನೂರಿಪ್ಪತ್ತು ಕೊಟ್ಯಾ? ಇಲ್ಲಿ ಚೀಲಗಟ್ಟಲೆ ಬಿದ್ದಿದೆ, ಬಾರೋ" ಅಂದಳು. ಅದು ತಿನ್ನೋ ಹುಳ ಅಲ್ಲಮ್ಮ, ದಿನಗಟ್ಟಲೆ ನೆಲದ ಮೇಲೆ ಬಿದ್ದಿರೋದು ಅಂತ ಬಿಡಿಸಿ ಹೇಳಬೇಕಾಯಿತು.

ಹೋಗುವುದಾದರೆ ಶನಿವಾರ, ಮಧ್ಯಾಹ್ನ ಒಂದರೊಳಗೆ ಹೋಗಿ. ಎರಡು ದಾಟಿದರೆ ಹಂದಿ ಮಾಂಸ ಮಾತ್ರ ಉಳಿದಿರುತ್ತದೆ.