ವಾಟ್ಸಾಪ್ ಬಿಸಿನೆಸ್: ಕೊಪ್ಪಳದ ಸೀರೆ ಅಂಗಡಿಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

2021ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಮಗಳು ನನ್ನ ಫೋನಿಗೆ ವಾಟ್ಸಾಪ್ ಬಿಸಿನೆಸ್, ಅಂದರೆ ಅಂಗಡಿಯವರಿಗಂತಲೇ ಇರೋ ವಾಟ್ಸಾಪ್, ಹಾಕಿಕೊಟ್ಟಳು. ನಮ್ಮದು ಕೊಪ್ಪಳದಲ್ಲಿ ಸಣ್ಣ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ದಿನಾ ಉಡೋ ಸೀರೆಗಳು, ಜೊತೆಗೆ ಫಾಲ್-ಪಿಕೋ. ಆಪ್‌ಗೆ ದುಡ್ಡು ಕೊಡಬೇಕಿಲ್ಲ. ಅಂಗಡಿಗೆಂದೇ ಬೇರೆ ಸಿಮ್ ತಗೊಂಡೆ, ಅದರ ರೀಚಾರ್ಜ್ ಅಷ್ಟೇ ಖರ್ಚು.

ಮೊದಲ ವರ್ಷ ಸುಮ್ನೆ ಕಳೆದೆ ಅನ್ನಬೇಕು. ನಾಗರ ಪಂಚಮಿಗೆ ಹೊಸ ಸ್ಟಾಕ್ ಬಂತು. ಒಂದೇ ಮೆಸೇಜನ್ನು ಒಟ್ಟಿಗೆ ಬಹಳ ಜನಕ್ಕೆ ಬೇರೆ ಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರನ್ನು ಸೇರಿಸಬಹುದು, ಅಷ್ಟೂ ತುಂಬಿಸಿ ಫೋಟೋ ಕಳಿಸಿದೆ. ಯಾರೂ ಉತ್ತರ ಕೊಡಲಿಲ್ಲ. ಮೆಸೇಜ್ ಒತ್ತಿ ಹಿಡಿದು ಇನ್ಫೋ ನೋಡಿದರೆ ಬಹಳ ಜನಕ್ಕೆ ತಲುಪಿಯೇ ಇಲ್ಲ. ನಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿದ್ದರೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ. ನಾವು ಅವರ ನಂಬರ್ ಇಟ್ಟುಕೊಂಡರೆ ಸಾಲದು.

ಇದು ಗೊತ್ತಿಲ್ಲದೆ ಇನ್ನೊಂದು ಪೆದ್ದ ಕೆಲಸ ಮಾಡಿದೆ. ಪ್ರಚಾರ ಮಾಡಿಕೊಡುತ್ತೇನೆ ಅಂತ ಬಂದ ಒಬ್ಬರಿಂದ ಮೂರು ಸಾವಿರ ನಂಬರ್ ಕೊಂಡೆ. ಎರಡು ದಿನ ಕೂತು ಒಬ್ಬೊಬ್ಬರಿಗೇ ಕಳಿಸಿದೆ. ಗುರುತಿಲ್ಲದವರು ಸುಮ್ಮನಿರುತ್ತಾರಾ? ರಿಪೋರ್ಟ್ ಒತ್ತಿದರು, ನನ್ನ ಖಾತೆ ಬಂದ್ ಆಯಿತು. ಆಪ್‌ನಲ್ಲೇ ಮರುಪರಿಶೀಲನೆಗೆ ಕೇಳಿಕೊಂಡು ಖಾತೆ ವಾಪಸ್ ಬರೋವರೆಗೂ ನಿದ್ದೆ ಇರಲಿಲ್ಲ. ನಂಬರ್ ಲಿಸ್ಟ್ ಮಾರುವವರು ನಿಮ್ಮ ಅಂಗಡಿಗೂ ಬರುತ್ತಾರೆ. ಚಹಾ ಕುಡಿಸಿ ಕಳಿಸಿಬಿಡಿ.

ಹಾಗಾದರೆ ಗಿರಾಕಿ ನಮ್ಮ ನಂಬರ್ ಸೇವ್ ಮಾಡೋದು ಹೇಗೆ? ಗಲ್ಲಾದ ಪಕ್ಕ ಬೋರ್ಡ್ ಹಾಕಿದೆ, ಯಾರೂ ಓದಲಿಲ್ಲ. ದಾರಿ ಸಿಕ್ಕಿದ್ದು ಫಾಲ್-ಪಿಕೋದಲ್ಲಿ. ಸೀರೆ ಕೊಟ್ಟು ಹೋದವರು "ಯಾವಾಗ ಆಗ್ತೈತ್ರಿ ಅಣ್ಣಾರ?" ಅಂತ ಎರಡೆರಡು ಸಲ ಹಳ್ಳಿಯಿಂದ ಬಸ್ ಹಿಡಿದು ಬರುತ್ತಿದ್ದರು. "ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ ಅಕ್ಕಾರ, ರೆಡಿ ಆದ ಕೂಡ್ಲೇ ಫೋಟೋ ಹಾಕ್ತೀನಿ" ಅಂದೆ. ಅವರಿಗೇ ಬೇಕಾದ ಸುದ್ದಿ ಅಲ್ವಾ, ನನ್ನೆದುರೇ ಸೇವ್ ಮಾಡಿಕೊಂಡರು. ಈಗ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 180 ಜನ ಇದ್ದಾರೆ. ಹಳೆಯ 256ಕ್ಕಿಂತ ಎಷ್ಟೋ ಮೇಲು.

ಬ್ರಾಡ್‌ಕಾಸ್ಟ್ ಕೂಡ ಹಬ್ಬಕ್ಕೊಂದು ಸಲ ಮಾತ್ರ. ಉಳಿದ ದಿನ ಸ್ಟೇಟಸ್. 24 ತಾಸು ಇರುತ್ತದೆ, ನೋಡಬೇಕಾದವರು ನೋಡುತ್ತಾರೆ, ಯಾರಿಗೂ ಕಿರಿಕಿರಿ ಇಲ್ಲ. ಫೋಟೋ ಮಾತ್ರ ಅಂಗಡಿಯೊಳಗಿನ ಟ್ಯೂಬ್‌ಲೈಟ್‌ನಲ್ಲಿ ತೆಗೆಯಬೇಡಿ. ಗಿಣಿ ಹಸಿರು ಸೀರೆ ನೀಲಿಯಾಗಿ ಕಾಣುತ್ತದೆ, ಆಮೇಲೆ ವಾಪಸ್ ಬರುತ್ತದೆ. ನಾನು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕಟ್ಟೆ ಮೇಲೆ, ನೆರಳಿನಲ್ಲಿ, ಸೆರಗು ಬಿಡಿಸಿ ತೆಗೆಯುತ್ತೇನೆ. ರೇಟ್ ಬರೆದೇ ಹಾಕುತ್ತೇನೆ. ಎದುರಿನ ಅಂಗಡಿಯವರು ನೋಡಿ ಐವತ್ತು ರೂಪಾಯಿ ಕಮ್ಮಿ ಹಾಕಿದ್ದೂ ಉಂಟು. ಸ್ಟೇಟಸ್ ಯಾರಿಗೆ ಕಾಣಬೇಕು ಅನ್ನೋ ಪ್ರೈವಸಿಯಲ್ಲಿ ಅವರನ್ನು ತೆಗೆದು ಹಾಕಿದೆ, ಈಗ ಅವರ ಹೆಂಡತಿಯ ಫೋನಿನಲ್ಲಿ ನೋಡುತ್ತಾರೆ. ನೋಡಲಿ ಬಿಡಿ.

ಆಪ್‌ನಲ್ಲಿ ಸಾಮಾನಿನ ಚಿತ್ರ, ರೇಟ್ ಜೋಡಿಸಿಡೋ ಕ್ಯಾಟಲಾಗ್ ನನಗೆ ಆಗಿಬರಲಿಲ್ಲ. ಸೀರೆ ಒಂದೊಂದೇ ಪೀಸ್, ಮಾರಿ ಹೋದ ಮೇಲೂ ಚಿತ್ರ ಅಲ್ಲೇ ಕೂತಿರುತ್ತದೆ. ಲಂಗ, ಟವೆಲ್, ಧೋತರ ಮಾತ್ರ ಇಟ್ಟಿದ್ದೇನೆ. ಮೊದಲೇ ಬರೆದಿಟ್ಟ ಉತ್ತರ ಕಳಿಸೋ ಕ್ವಿಕ್ ರಿಪ್ಲೈ ಚೆನ್ನಾಗಿದೆ, ಆದರೆ ವಯಸ್ಸಾದವರು ಓದುವುದಿಲ್ಲ. ಅವರು ವಾಯ್ಸ್ ಕಳಿಸುತ್ತಾರೆ, ನಾನೂ ವಾಯ್ಸ್‌ನಲ್ಲೇ ಹೇಳುತ್ತೇನೆ.

ಒಂದು ಮಾತು ಗೊತ್ತಿರಲಿ, ಇದರಿಂದ ಹೊಸ ಗಿರಾಕಿ ಬರೋದು ಬಹಳ ಕಮ್ಮಿ. ಬಂದವರನ್ನು ಉಳಿಸಿಕೊಳ್ಳೋಕೆ ಇದು. ಹೊಸಬರು ಬಂದಿದ್ದು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು, ಟೈಮ್, ವಾರದ ರಜೆ ಹಾಕಿದ ಮೇಲೆ. ಅದೂ ಪುಕ್ಕಟೆ. ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ಬೇರೆ ಜಿಲ್ಲೆಯಿಂದ ಬಂದವರು ಫೋನ್ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು.

ಬ್ಯಾಕಪ್ ಆನ್ ಇಡಿ. ನಾನು ಇಟ್ಟಿರಲಿಲ್ಲ, ಫೋನ್ ನೀರಿಗೆ ಬಿತ್ತು, ಎರಡು ವರ್ಷದ ಆರ್ಡರ್ ಮಾತುಕತೆ ಹೋಯಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಕಮ್ಮಿ ಮಾಡಿದ್ದರಲ್ಲಿ ನನ್ನ ತಪ್ಪೂ ಇದೆ. ಗಿರಾಕಿಯ ಚಾಟ್‌ಗೆ ಬಣ್ಣದ ಗುರುತು ಹಾಕೋಕೆ ಲೇಬಲ್ ಅಂತ ಒಂದು ಸೌಲಭ್ಯ ಇದೆ, ನಮಗೆ ಮಾತ್ರ ಕಾಣುತ್ತದೆ. ನಾನು ಕೆಂಪು ಬಣ್ಣದಲ್ಲಿ 'ಉದ್ರಿ' ಅಂತ ಮಾಡಿಕೊಂಡಿದ್ದೆ. ಅಲ್ಲಿಗೇ ಬಿಡಬೇಕಿತ್ತು. ಒಬ್ಬ ಹಳೆಯ ಗಿರಾಕಿಗೆ "ಅಕ್ಕಾರ, 850 ರೂಪಾಯಿ ಬಾಕಿ ಐತ್ರಿ" ಅಂತ ಮೆಸೇಜ್ ಹಾಕಿದೆ. ಹಳ್ಳಿಯಲ್ಲಿ ಫೋನ್ ಅಂದರೆ ಮನೆಗೆಲ್ಲ ಒಂದೇ. ನೋಡಿದ್ದು ಅವರ ಅತ್ತೆ. ಮರುದಿನ ಬೆಳಗ್ಗೆ ಒಬ್ಬ ಹುಡುಗ ಬಂದು ದುಡ್ಡು ಎಣಿಸಿಟ್ಟು ಹೋದ. ಆ ಅಕ್ಕ ಮತ್ತೆ ಅಂಗಡಿಗೆ ಬಂದಿಲ್ಲ.